ಬುಸಾನಿನ ದಂಡೆಗೆ ಒಯ್ದ ಮಣ್ಣು

ನನ್ನ ತಮ್ಮ ಫೋನಿನಲ್ಲಿ ಹೇಳುತ್ತಿದ್ದ ಸಮುದ್ರ ಅದಲ್ಲ. ಅವನು ಹೇಳುತ್ತಿದ್ದ ದಂಡೆ ಕಣ್ಣು ಹಾಯುವಷ್ಟು ದೂರ ಇತ್ತು, ನೀರು ನೀಲಿ ಇತ್ತು, ಸಂಜೆ ಬಿಸಿಲಿಗೆ ಉಸುಕು ಬಂಗಾರದ ಹುಡಿಯ ಹಾಗೆ ಹೊಳೆಯುತ್ತಿತ್ತು. ನಾನು ಕೊರಿಯಾದ ಬುಸಾನ್ ಎಂಬ ಊರಿಗೆ ಹೋಗಿ ನೋಡಿದ್ದು ಬೇರೆಯೇ. ಒಂದು ಕಡೆ ಮೀನು ಪೇಟೆಯ ಹಿಂಗೋಡೆ, ಇನ್ನೊಂದು ಕಡೆ ಬಣ್ಣ ಸುಲಿದ ಲಾಡ್ಜುಗಳು, ಅವುಗಳ ಹಿಂದೆ ಆಕಾಶ ಮುಚ್ಚುವಂಥ ಕಟ್ಟಡಗಳು. ಇವೆಲ್ಲದರ ನಡುವೆ ಯಾರೋ ಮರೆತು ಬಿಟ್ಟುಹೋದಂತೆ ಒಂದು ಉಸುಕಿನ ಪಟ್ಟಿ. ಅದರ ಮೇಲೆ ಹರಿದ ಬಲೆಯ ಚೂರು, ಥರ್ಮಾಕೋಲಿನ ತುಣುಕು, ಹಿಂದಿನ ದಿನ ಯಾರೋ ಸುಟ್ಟ ಪಟಾಕಿಯ ಕಡ್ಡಿಗಳು, ಹಸಿರು ಬಾಟಲಿಗಳು. ನಡುವೆ ಪ್ಲಾಸ್ಟಿಕ್ಕಿನ ದೊಡ್ಡದೊಂದು ತಿಮಿಂಗಿಲ ನಿಂತಿತ್ತು. ಅದರ ಬಾಲ ಮುರಿದಿತ್ತು, ಹಗ್ಗದಿಂದ ಕಟ್ಟಿದ್ದರು. ಕಡಲಹಕ್ಕಿಗಳ ಜೊತೆ ನಮ್ಮೂರಿನವೇ ಅನ್ನುವಂಥ ಪಾರಿವಾಳಗಳು ಕಸ ಕೆದರುತ್ತಿದ್ದವು.

"ಸುಳ್ಳ ಹೇಳಿದ್ಯಲ್ಲೋ," ಅಂದೆ.

ನನ್ನ ಜೊತೆ ಬಂದಿದ್ದವನು ತಿರುಗಿ ನೋಡಿದ. "ಯಾರಿಗ್ರಿ ಅಕ್ಕಾ? ನನಗೇನ್ರಿ?"

"ನಿನಗಲ್ಲ. ಅವಗ."

ಸಿಂದಗಿ ತಾಲೂಕಿನ ಯಂಕಂಚಿಯವನು ಅವನು. ನನ್ನ ತಮ್ಮನ ಜೊತೆ ಅದೇ ಹಡಗು ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದವನು, ಒಂದೇ ಕೋಣೆಯಲ್ಲಿ ಇದ್ದವನು. ಇಷ್ಟು ದೂರದ ಊರಿನಲ್ಲಿ ನಮ್ಮ ಮಾತು ಬರುವ ಜೀವ ಅಂದರೆ ಅವನೊಬ್ಬನೇ. ನನ್ನ ಸಿಟ್ಟು ಎಲ್ಲಾ ಅವನ ಮೇಲೆಯೇ ಹೋಯಿತು. ಅದರಲ್ಲಿ ಅವನದು ಏನೂ ತಪ್ಪಿರಲಿಲ್ಲ.

ನಾನು ಇಂಡಿ ಪಟ್ಟಣದಲ್ಲಿ ಬಟ್ಟೆ ಹೊಲಿಯುತ್ತೇನೆ. ಹತ್ತನೇ ಇಯತ್ತೆಯವರೆಗೆ ಓದಿದ್ದೇನೆ. ತವರು ಅಲ್ಲೇ ಹತ್ತಿರದ ಹಳ್ಳಿ. ಹೊಲ ಐತಿ, ಲಿಂಬಿ ತೋಟ ಐತಿ, ಅದನ್ನೆಲ್ಲ ಅಣ್ಣ ನೋಡಿಕೊಳ್ಳುತ್ತಾನೆ. ಅವ್ವ ಹೋದಾಗ ತಮ್ಮ ಇನ್ನೂ ಅಂಗಳದಲ್ಲಿ ಮಣ್ಣು ತಿನ್ನುವ ವಯಸ್ಸಿನವನು. ರೊಟ್ಟಿ ಮುರಿದು ಹಾಲಿಗೆ ಹಾಕಿ ಅವನಿಗೆ ತಿನ್ನಿಸಿದ್ದು ನಾನು. ಅವನು ವೆಲ್ಡಿಂಗ್ ಕಲಿತ, ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿನ ಕೆಲಸ ಮಾಡಿದ, ಮುಂಬೈಗೆ ಹೋದ, ಅಲ್ಲಿಂದ ಕೊರಿಯಾಕ್ಕೆ ಹೋದ. ಮದುವೆಯ ಮಾತು ಬಂದಾಗೆಲ್ಲ "ಮುಂದಿನ ಸಲ ಬಂದಾಗ ನೋಡೂಣಕ್ಕಾ" ಅನ್ನುತ್ತಿದ್ದ. ನನಗೆ ಪಾಸ್‌ಪೋರ್ಟ್ ಮಾಡಿಸಿದ್ದೂ ಅವನೇ. "ನೀ ಸಮುದ್ರ ನೋಡಬೇಕು. ನೋಡಿ, ಏನೈತಿ ಇದರಾಗ, ಬರೇ ನೀರು ಅಂತ ಬೈಬೇಕು. ಆವಾಗ ನನಗ ಸಮಾಧಾನ."

ಒಂದು ಮುಂಜಾನೆ ಕೆಲಸಕ್ಕೆ ಹೊರಟವನು ಬೂಟು ಹಾಕಿಕೊಳ್ಳಲು ಕುಳಿತ, ಮೇಲೇಳಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ. ಇದು ನನಗೆ ಆ ದಿನ ತಿಳಿಯಲಿಲ್ಲ. ಯಾರೂ ತಿಳಿಸಲಿಲ್ಲ.

ಯಾಕೆಂದರೆ ಆ ವಾರ ಅಣ್ಣನ ಮಗಳ ಮದುವೆ ಇತ್ತು.

ನಾನು ತವರಿನಲ್ಲಿಯೇ ಇದ್ದೆ, ಶಾವಿಗೆ, ಹಪ್ಪಳ, ಮದುಮಗಳ ಕುಪ್ಪಸ ಅಂತ ಓಡಾಡಿಕೊಂಡು. ಯಂಕಂಚಿಯವನು ಅಣ್ಣನಿಗೆ ಫೋನ್ ಮಾಡಿದ್ದಾನೆ. ಅಣ್ಣ ಫೋನು ಹಿಡಿದು ದನದ ಕೊಟ್ಟಿಗೆಯ ಕಡೆ ಹೋದದ್ದು ನನಗೆ ನೆನಪಿದೆ. ಹಂದರದವರದೋ, ಬ್ಯಾಂಡಿನವರದೋ ಅಂದುಕೊಂಡಿದ್ದೆ. ಮದುವೆಯ ದಿನ ನಾನು ಹೊಸ ಇಳಕಲ್ ಸೀರೆ ಉಟ್ಟು, ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಹಾಕಿದೆ, ಎಲ್ಲರಿಗಿಂತ ಮುಂದೆ ನಿಂತು. ನಡುವೆ ತಮ್ಮನಿಗೆ ಫೋನ್ ಹಚ್ಚಿದೆ, ಮದುವೆ ತೋರಿಸಬೇಕೆಂದು. ಅವನ ಫೋನು ಬಂದ್ ಆಗಿತ್ತು. "ಅವಗ ಓವರ್‌ಟೈಮ್ ಐತಂತ, ಬಿಡು," ಅಂದ ಅಣ್ಣ. ಅವನು ಹಾಗೆ ಅಂದಾಗ ತಮ್ಮ ಆಗಲೇ ಬೂದಿಯಾಗಿದ್ದ. ಬೀಗರೆಲ್ಲ ಹೊರಟುಹೋದ ಮೇಲೆ, ಹಂದರದ ಕಂಬ ಕೀಳುತ್ತಿರುವಾಗ ನನ್ನನ್ನು ಕರೆದು ಕೂರಿಸಿ ಹೇಳಿದರು.

ನಾನು ಆಗ ಅಳಲಿಲ್ಲ. ಮೊದಲು ಕೇಳಿದ್ದು, "ಎಲ್ಲಿಟ್ಟೀರಿ ಅವನ್ನ?"

ಇದನ್ನು ಓದುವವರಿಗೆಲ್ಲ ನಮ್ಮ ಪದ್ಧತಿ ಗೊತ್ತಿರಲಿಕ್ಕಿಲ್ಲ. ನಾವು ಸುಡುವವರಲ್ಲ. ನಮ್ಮಲ್ಲಿ ಹೋದವರನ್ನು ಹೊಲದಲ್ಲಿ, ಅವರ ಹಿರಿಯರ ಮಗ್ಗುಲಿಗೆ ಕುಣಿ ತೋಡಿ, ಕುಳಿತ ಭಂಗಿಯಲ್ಲಿ ಕೂರಿಸುತ್ತೇವೆ. ಹುಟ್ಟಿದಾಗ ಕೊರಳಿಗೆ ಕಟ್ಟಿದ ಲಿಂಗವನ್ನು ಎಡ ಅಂಗೈಯಲ್ಲಿ ಇಡುತ್ತೇವೆ. ವಿಭೂತಿ, ಪತ್ರಿ ಹಾಕುತ್ತೇವೆ. ಆಮೇಲೆ ಬಂದವರೆಲ್ಲರೂ ಒಬ್ಬೊಬ್ಬರಾಗಿ ಮೂರು ಹಿಡಿ ಮಣ್ಣು ಕೊಡುತ್ತಾರೆ. ಮಕ್ಕಳು, ಹೆಣ್ಣುಮಕ್ಕಳು, ಜಗಳಾಡಿ ಮಾತು ಬಿಟ್ಟವರು ಕೂಡ. ಯಾರಾದರೂ ತೀರಿಕೊಂಡರೆ ನಮ್ಮ ಕಡೆ ಜನ ಕೇಳುವುದು "ಮಣ್ಣು ಯಾವಾಗ?" ಅಂತ. ಬಸ್ಸು ಸಿಗದಿದ್ದರೆ ಟಂಟಂ ಗಾಡಿ ಹಿಡಿದು, ಅದೂ ಇಲ್ಲದಿದ್ದರೆ ಯಾರದೋ ಬೈಕಿನ ಹಿಂದೆ ಕುಳಿತು ಬರುತ್ತಾರೆ. ದೇವರ ಹಿಪ್ಪರಗಿಯಿಂದ, ಬಾಗೇವಾಡಿಯಿಂದ, ಮುದ್ದೇಬಿಹಾಳದಿಂದ. ಮಣ್ಣು ಕೊಡಲು ಸಿಗದವರು ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ಕೊರಗುತ್ತಾರೆ.

"ಯಾರೂ ಮಣ್ಣ ಕೊಡಲಿಲ್ಲೇನ?" ಅಂತ ಕೇಳಿದೆ.

ಅಣ್ಣ ಬಹಳ ಸಮಾಧಾನದಿಂದ ಉತ್ತರಿಸಿದ. ಆ ಸಮಾಧಾನ ಈಗಲೂ ನನ್ನ ಮೈ ಉರಿಸುತ್ತದೆ. "ನೋಡವ್ವಾ, ಪೆಟ್ಟಿಗ್ಯಾಗ ಮಲಗಿಸಿ ಕಳಿಸ್ತಿದ್ರು. ಮರಗಟ್ಟಿದ ದೇಹ. ಕುಂಡ್ರಸಾಕ ಬರತಿದ್ದಿಲ್ಲ. ಬರೂತನಕ ಎಷ್ಟು ದಿನಾನೋ ಏನೋ. ಮನ್ಯಾಗ ಮಂಗಲಕಾರ್ಯ. ಅದಕ್ಕ ಅಲ್ಲೇ ಮುಗಸ್ರಿ ಅಂದೆ."

ಅಲ್ಲೇ ಮುಗಸ್ರಿ. ಕೆಟ್ಟುಹೋದ ಮೋಟಾರಿನ ಬಗ್ಗೆ ಹೇಳುವ ಹಾಗೆ.

ಅಲ್ಲಿ ನೆರೆದಿದ್ದ ಯಾರೂ ಅವನಿಗೆ ಏನೂ ಅನ್ನಲಿಲ್ಲ. ಅಕ್ಕಿಕಾಳಿಗೆ ಎತ್ತಿದ ಅಷ್ಟೊಂದು ಕೈಗಳಲ್ಲಿ ಒಂದೂ ನನ್ನ ತಮ್ಮನಿಗೆ ಮಣ್ಣು ಕೊಡಲು ಏಳಲಿಲ್ಲ. "ಹೋದವ ಹೋದ, ಇದ್ದವರ ಕೆಲಸ ನಡೀಬೇಕಲ್ಲಾ," ಅಂದಳು ಚಿಗವ್ವ. ಆಕೆಯ ಮುಡಿಯಲ್ಲಿ ಇನ್ನೂ ಮದುವೆಯ ಮಲ್ಲಿಗೆ ಇತ್ತು.

ಅಂದಿನಿಂದ ನನಗೆ ಒಂದೇ ಹಟ. ನನ್ನ ತಮ್ಮನಿಗೆ ನಾನು ಮಣ್ಣು ಕೊಡಬೇಕು. ಮಷೀನಿನ ಮುಂದೆ ಕುಳಿತರೂ ಅದೇ, ಹೊಲಿಗೆ ಬಿಚ್ಚುವಾಗಲೂ ಅದೇ. ನನ್ನ ಗಂಡ ಕಡಿಮೆ ಮಾತಿನ ಮನುಷ್ಯ. ಕೊನೆಗೆ ಒಂದು ದಿನ ಊಟ ಮಾಡುತ್ತ ಅಂದರು, "ಹೋಗಿ ಬಾ. ಹೋಗಲಿಲ್ಲಂದ್ರ ನೀ ಈ ಸಿಟ್ಟಿನಾಗ ಕರಗಿ ಹೋಗತಿ." ಖರ್ಚಿಗೆ ನನ್ನ ಬಂಗಾರದ ಬಳೆಗಳು ಹೋದವು, ಅದರ ಮಾತು ಇಲ್ಲಿ ಬೇಡ.

ಹೊರಡುವ ಮುಂಜಾನೆ ತವರಿನ ಹೊಲಕ್ಕೆ ಹೋದೆ. ಅಣ್ಣನನ್ನು ಕೇಳಲಿಲ್ಲ. ಅವ್ವನನ್ನು ಇಟ್ಟ ಜಾಗದ ಮಗ್ಗುಲಿನಿಂದ ಎರೆ ಮಣ್ಣು ತೆಗೆದು, ಹೆಂಟೆ ಒಡೆದು, ನುಣ್ಣಗೆ ಜರಡಿ ಹಿಡಿದು, ಹೊಸ ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದೆ. ಮೂರು ಹಿಡಿಗಿಂತ ಸ್ವಲ್ಪ ಹೆಚ್ಚೇ. ಜೊತೆಗೆ ವಿಭೂತಿ ಗಟ್ಟಿ, ಒಂದಿಷ್ಟು ಪತ್ರಿ. ಸೊಲ್ಲಾಪುರಕ್ಕೆ ಬಸ್ಸು, ಅಲ್ಲಿಂದ ಮುಂಬೈಗೆ ರೈಲು, ಆಮೇಲೆ ವಿಮಾನ. ದಾರಿಯುದ್ದಕ್ಕೂ ಗಂಟು ನನ್ನ ತೊಡೆಯ ಮೇಲೆಯೇ ಇತ್ತು.

ಬುಸಾನಿನ ವಿಮಾನ ನಿಲ್ದಾಣದಲ್ಲಿ ಅದನ್ನು ತೆಗೆದುಕೊಂಡರು.

ಒಬ್ಬ ಹೆಣ್ಣುಮಗಳು, ಕೈಗೆ ಬಿಳಿ ಗವಸು ಹಾಕಿಕೊಂಡವಳು, ಗಂಟು ಬಿಚ್ಚಿದಳು. ಅವಳು ಕೆಟ್ಟವಳಲ್ಲ, ನಗುತ್ತಲೇ ಇದ್ದಳು. ಫೋನಿನಲ್ಲಿ ಏನೋ ಮಾತಾಡಿ ನನ್ನ ಮುಂದೆ ಹಿಡಿದಳು. ಫೋನು ಹಿಂದಿಯಲ್ಲಿ ಹೇಳಿತು: ಹೊರದೇಶದ ಮಣ್ಣು ಈ ದೇಶದೊಳಗೆ ಬರುವಂತಿಲ್ಲ. ಅದರಲ್ಲಿ ಹುಳ ಇರಬಹುದು, ರೋಗ ಇರಬಹುದು.

"ರೋಗಾ?" ಅಂದೆ ನಾನು ಕನ್ನಡದಲ್ಲಿಯೇ. "ನಮ್ಮವ್ವ ಇದ್ದ ಮಣ್ಣಿಗೆ ರೋಗ ಅಂತೀ?"

ಅವಳಿಗೆ ಹೇಗೆ ತಿಳಿಯಬೇಕು? ಮತ್ತೆ ನಕ್ಕಳು. ವಿಭೂತಿಯನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟಳು. ಮಣ್ಣು ಮತ್ತು ಪತ್ರಿ ಒಂದು ಪಾರದರ್ಶಕ ಚೀಲಕ್ಕೆ ಹೋದವು. ಚೀಲದ ಮೇಲೆ ಏನೋ ಚೀಟಿ ಅಂಟಿಸಿದಳು. ಅದನ್ನು ಒಂದು ನೀಲಿ ಡಬ್ಬಿಗೆ ಹಾಕಿದಳು, ಯಾರದೋ ಮಾವಿನಹಣ್ಣು, ಯಾರದೋ ಮಾಂಸದ ಪೊಟ್ಟಣದ ಮೇಲೆ. ನಾನು ಆ ಡಬ್ಬಿ ನೋಡುತ್ತ ನಿಂತೆ. ಅಣ್ಣ ಹೇಳಿದ್ದನ್ನೇ ಆ ದೇಶವೂ ತನ್ನ ಭಾಷೆಯಲ್ಲಿ ಹೇಳುತ್ತಿದೆ ಅನ್ನಿಸಿತು.

ಹೊರಗೆ ಕಾಯುತ್ತಿದ್ದ ಯಂಕಂಚಿಯವನಿಗೆ ಹೇಳಿದಾಗ ಅವನು ಹಣೆ ಬಡಿದುಕೊಂಡ. "ಅಯ್ಯ, ಮೊದಲ ನನಗೊಂದು ಮಾತು ಕೇಳಬೇಕಿಲ್ರಿ ಅಕ್ಕಾ! ಮಣ್ಣ ತರಾಕ ಬಿಡೂದಿಲ್ಲ ಇವ್ರು. ಉಪ್ಪಿನಕಾಯಿ ತರ್ರಿ, ಬಿಡ್ತಾರ."

"ಉಪ್ಪಿನಕಾಯಿ ಕೊಡಾಕ ಬರತೈತೇನೋ ಸತ್ತವರಿಗೆ?"

ಅವನು ತಲೆ ತಗ್ಗಿಸಿದ. ಆಮೇಲೆ ನನಗೆ ನಾಚಿಕೆಯಾಯಿತು. ನನ್ನ ಸಲುವಾಗಿ ಅವನು ಎರಡು ದಿನ ರಜೆ ಹಾಕಿ ಬಂದಿದ್ದ.

ಹೀಗೆ ಬರಿಗೈಯಲ್ಲಿ ನಾನು ಆ ದಂಡೆಗೆ ಹೋದೆ. ಬೂದಿಯನ್ನು ದೋಣಿಯಲ್ಲಿ ಒಯ್ದು ಆ ದಂಡೆಯ ಎದುರಿಗೇ ದೂರದ ನೀರಿನಲ್ಲಿ ಬಿಟ್ಟಿದ್ದರಂತೆ. ಯಂಕಂಚಿಯವನು ಬೊಟ್ಟು ಮಾಡಿ ತೋರಿಸಿದ. ಅಲ್ಲಿ ಒಂದು ಕೆಂಪು ಹಡಗು ನಿಂತಿತ್ತು, ಮತ್ತೇನೂ ಇರಲಿಲ್ಲ. ತೋರಿಸಲು ಒಂದು ಕಲ್ಲು ಇಲ್ಲ, ದೀಪ ಹಚ್ಚಲು ಒಂದು ಮೂಲೆ ಇಲ್ಲ. ತಮ್ಮ ಹೇಳಿದ್ದು ಸರಿಯೇ, ಬರೇ ನೀರು. ಅವನು ಬಯಸಿದ್ದಂತೆ ನಾನು ಅದನ್ನು ಬೈದೆ. ಕೇಳಲು ಅವನಿರಲಿಲ್ಲ.

ಎಷ್ಟು ಹೊತ್ತು ಸಿಟ್ಟು ಮಾಡಿಕೊಂಡು ನಿಲ್ಲಲು ಬರುತ್ತದೆ? ಕಾಲು ನೋಯುತ್ತದೆ. ಮೆಟ್ಟಿಲ ಮೇಲೆ ಕುಳಿತೆ. ಕುಳಿತ ಮೇಲೆ ಆ ದಂಡೆಯ ಬೇರೆ ಸಂಗತಿಗಳು ಕಾಣಹತ್ತಿದವು. ನೀರಿನ ಅಂಚಿನಲ್ಲಿ ವಯಸ್ಸಾದ ಹೆಂಗಸರು ತಲೆಗೆ ದೊಡ್ಡ ಅಂಚಿನ ಟೊಪ್ಪಿಗೆ ಹಾಕಿಕೊಂಡು, ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ನಮ್ಮ ಸಂತೆಯ ಹೆಂಗಸರ ಹಾಗೆಯೇ. ಒಂದು ಮುರುಕು ಚಪ್ಪರದ ಕೆಳಗೆ ಮುದುಕರು ಚದುರಂಗದಂಥ ಆಟ ಆಡುತ್ತಿದ್ದರು. ಕಾಯಿಯನ್ನು ಹಲಗೆಗೆ ಚಟೀರ್ ಅಂತ ಬಡಿಯುತ್ತಿದ್ದರು, ನೋಡಲು ನಿಂತವರೇ ಹೆಚ್ಚು ಬೈದಾಡುತ್ತಿದ್ದರು. ವ್ಯಾಯಾಮದ ಕಬ್ಬಿಣದ ಯಂತ್ರಗಳು ತುಕ್ಕು ಹಿಡಿದು ಕಿರ್ರೆನ್ನುತ್ತಿದ್ದವು. ಅದರಲ್ಲಿ ಒಬ್ಬಾಕೆ ಹೊಟ್ಟೆಯನ್ನು ಅತ್ತ ಇತ್ತ ತಿರುಗಿಸುತ್ತ ಫೋನಿನಲ್ಲಿ ಯಾರ ಮೇಲೋ ರೇಗುತ್ತಿದ್ದಳು. ಎಲ್ಲಿಂದಲೋ ರೇಷ್ಮೆ ಹುಳ ಬೇಯಿಸುವ ವಾಸನೆ ಬಂತು. ನಾನು ಸೆರಗು ಮೂಗಿಗೆ ಹಿಡಿದೆ.

"ನಿಮ್ಮ ತಮ್ಮಾನೂ ಮೊದಲ ಹಿಂಗ ಮೂಗ ಹಿಡಿತಿದ್ದ," ಅಂದ ಯಂಕಂಚಿಯವನು. "ಆಮ್ಯಾಲೆ ಈ ವಾಸನಿ ಬಂದ್ರ ಆಯ್ತವಾರ ಬಂತು ಅಂತಿದ್ದ."

ಪ್ರತಿ ಭಾನುವಾರ ಅವರಿಬ್ಬರೂ ಅಲ್ಲಿಗೆ ಬರುತ್ತಿದ್ದರಂತೆ. ಅದೇ ಊರಿನಲ್ಲಿ ಇನ್ನೂ ದೊಡ್ಡ, ಚೊಕ್ಕ ದಂಡೆಗಳಿದ್ದವು. "ಅಲ್ಲಿ ನಾವು ಕುಂತ್ರ ಮಂದಿ ನೋಡ್ತಾರ್ರಿ. ಇಲ್ಲೆ ಯಾರೂ ನೋಡೂದಿಲ್ಲ. ಎಲ್ಲಾರೂ ನಮ್ಮಂಥಾವ್ರ." ಬೇಸಿಗೆ ಬರುವ ಮೊದಲು ಅಲ್ಲಿಗೆ ಲಾರಿಯಲ್ಲಿ ಉಸುಕು ತಂದು ಸುರಿಯುತ್ತಾರಂತೆ, ಯಾಕೆಂದರೆ ಇದ್ದದ್ದನ್ನು ಸಮುದ್ರ ಎಳೆದುಕೊಂಡು ಹೋಗುತ್ತದೆ. ಅದನ್ನು ನೋಡಿ ನನ್ನ ತಮ್ಮ ಅಂದಿದ್ದನಂತೆ, "ಈ ಉಸುಕೂ ನಮ್ಮಂಗ ನೋಡಲೇ. ಬ್ಯಾರೆ ಕಡೆಯಿಂದ ತುಂಬಿಕೊಂಡ ಬಂದದ್ದು."

ನನಗೆ ನಗು ಬಂತು. ನಕ್ಕ ಕೂಡಲೇ ಮತ್ತೆ ಸಿಟ್ಟು ಬಂತು. ಇಂಥ ಮಾತು ಆಡುವವನನ್ನು ಅಲ್ಲೇ ಮುಗಿಸಿದರಲ್ಲ.

ತಿಮಿಂಗಿಲದ ಬಾಲದ ಹತ್ತಿರ ಒಂದು ಗಾಡಿ ಇಟ್ಟುಕೊಂಡ ಮುದುಕಿ ಬೇಯಿಸಿದ ಗೋವಿನಜೋಳದ ತೆನೆ ಮಾರುತ್ತಿದ್ದಳು. ತಮ್ಮ ಯಾವಾಗಲೂ ಅವಳ ಹತ್ತಿರವೇ ತೆನೆ ತಿನ್ನುತ್ತಿದ್ದನಂತೆ. ಯಂಕಂಚಿಯವನು ನನ್ನನ್ನು ತೋರಿಸಿ ಅವಳ ಭಾಷೆಯಲ್ಲಿ ಏನೋ ಹೇಳಿದ. ಅವಳು ಕೈಯಲ್ಲಿದ್ದ ಚಿಮುಟ ಇಟ್ಟು, ಹತ್ತಿರ ಬಂದು, ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಆಮೇಲೆ ಜೋರಾಗಿ ಏನೋ ಅಂದಳು.

"ಏನಂತಾಳ?"

ಅವನು ಹೇಳಲು ಹಿಂಜರಿದ.

"ಹೇಳೋ."

"ಇಷ್ಟ ತಡಾ ಯಾಕ ಮಾಡಿದ್ಲು ಅಂತ ಕೇಳಾಕತ್ತಾಳ್ರಿ."

ಎಂಥ ಮಾತು! ಯಾರಿಗೆ ಕೇಳಬೇಕಾದದ್ದು ಯಾರಿಗೆ! "ನನಗ ಹೇಳಿದ್ರ ಬರತಿದ್ದೆ ಅಂತ ಹೇಳಾಕಿಗೆ," ಅಂದೆ. "ಮದುವಿ ಮಾಡಿದ್ರು, ನನ್ನಿಂದ ಅಕ್ಕಿಕಾಳ ಹಾಕಿಸಿದ್ರು, ಆಮ್ಯಾಲೆ ಹೇಳಿದ್ರು ಅಂತ ಹೇಳು."

ಅವನು ಎಲ್ಲವನ್ನೂ ಹೇಳಿದನೋ ಸ್ವಲ್ಪ ಬಿಟ್ಟನೋ ಗೊತ್ತಿಲ್ಲ. ಮುದುಕಿ ಕೇಳಿ, ನೆಲಕ್ಕೆ ಥೂ ಎಂದು ಉಗುಳಿದಳು. ನನ್ನ ಊರಿನಲ್ಲಿ ಒಬ್ಬರೂ ಮಾಡದ ಕೆಲಸವನ್ನು ಅವಳು ಮಾಡಿದಳು. ನನಗೆ ಅವಳ ಮೇಲೆ ಪ್ರೀತಿ ಬಂದದ್ದು ಆಗಲೇ. ಒಂದು ತೆನೆ ಕೈಗೆ ಕೊಟ್ಟಳು. ಕಾಳು ಅಲ್ಲಲ್ಲಿ ನೇರಳೆ ಬಣ್ಣ, ಹಲ್ಲಿಗೆ ಅಂಟುವಂಥದ್ದು, ಉಪ್ಪುಪ್ಪು. ನಮ್ಮ ತೆನೆಯ ರುಚಿ ಅದಕ್ಕೆ ಇಲ್ಲ. ಆದರೂ ಒಂದು ಕಾಳು ಬಿಡದೆ ತಿಂದೆ.

ತಿಂದು ಮುಗಿಸಿದ ಮೇಲೆ ಯಂಕಂಚಿಯವನು ಅಂಗಿಯ ಒಳಜೇಬಿನಿಂದ ಒಂದು ಸಣ್ಣ ಗಂಟು ತೆಗೆದ. ಹೊಸ ಕರವಸ್ತ್ರ, ನಾಲ್ಕು ಮಡಿಕೆ.

"ಅಕ್ಕಾ, ಇದನ್ನ ನಾ ತಕ್ಕೊಂಡಿದ್ದೆ. ಕೊಳ್ಳಾಗಿಂದ. ಸುಡೂಕಿಂತ ಮೊದಲ." ಅವನು ಮಡಿಕೆ ಬಿಚ್ಚಿ ನನ್ನ ಮುಂದೆ ಹಿಡಿದ. "ನಾ ಮುಟ್ಟಬಹುದೋ ಇಲ್ಲೋ ಗೊತ್ತಿರಲಿಲ್ರಿ. ಬೆಂಕ್ಯಾಗ ಹೋಗೂದಕಿಂತ ನಾ ಮುಟ್ಟೂದ ಚಲೋ ಅನಸ್ತು. ಅಟ್ಟದ ಮ್ಯಾಲೆ, ಎಲ್ಲಾದಕಿಂತ ಮ್ಯಾಲೆ ಇಟ್ಟಿದ್ದೇನ್ರಿ. ನಮ್ಮ ಅಡಗಿ ಮಾಡೂ ಕಡೆ ಇಟ್ಟಿಲ್ಲ."

ತಮ್ಮನ ಲಿಂಗ. ಶಿವದಾರ ಬೆವರಿಗೆ ಕಪ್ಪಾಗಿತ್ತು. ವೆಲ್ಡಿಂಗಿನ ಕಿಡಿ ಬಿದ್ದು ಒಂದು ಕಡೆ ಸುಟ್ಟ ಗುರುತಿತ್ತು. ಇದನ್ನು ಕಟ್ಟಿದ ದಿನ ಅವನು ನನ್ನ ತೊಡೆಯ ಮೇಲೆ ಇದ್ದ.

"ನಾವೂ ಮಣ್ಣ ಮಾಡಾವ್ರ ಅಕ್ಕಾ," ಅಂದ ಅವನು. "ನಮ್ಮಲ್ಲೂ ಸುಡೂದಂದ್ರ ಆಗೂದಿಲ್ಲ. ನಾ ಅಣ್ಣಾರಿಗೆ ಹೇಳಿದ್ದೇನ್ರಿ, ನಿಮ್ಮಲ್ಲಿ ಮಣ್ಣ ಮಾಡತೀರಿ, ನನಗ ಗೊತ್ತೈತಿ, ಕಂಪನಿಯವ್ರಿಗೆ ತಡಿರಿ ಅಂತೇನಿ ಅಂತ. ಅವ್ರ ಬ್ಯಾಡ ಅಂದ್ರು."

ನಮ್ಮ ರಕ್ತ ಹಂಚಿಕೊಂಡವನು ಬ್ಯಾಡ ಅಂದ. ಯಂಕಂಚಿಯ ಒಬ್ಬ ಸಾಬರ ಮಗ, ಕೋಣೆ ಹಂಚಿಕೊಂಡವನು, ತಡಿರಿ ಅಂದ. ನಾನು ಅವನ ಎರಡೂ ಕೈ ಹಿಡಿದುಕೊಂಡೆ.

ಅಷ್ಟರಲ್ಲಿ ಫೋನು ಬಂತು. ಅಣ್ಣ. ಕೇಳದೆ ಕೊಟ್ಟರೆ ತಪ್ಪಾದೀತೆಂದು ಯಂಕಂಚಿಯವನು ಲಿಂಗದ ವಿಷಯ ಅವನಿಗೂ ತಿಳಿಸಿದ್ದನಂತೆ.

"ಸಿಕ್ಕಿತೇನು?" ಅಂದ ಅಣ್ಣ. "ಚಲೋ ಆತು ಬಿಡು. ಅದನ್ನ ಊರಿಗೆ ತಾ. ಮಠದ ಅಯ್ಯಗೋಳನ್ನ ಕರಸೂಣು. ಹೊಲದಾಗ ಕುಣಿ ತೋಡಿ ಇಟ್ಟು, ಊರಿಗೆಲ್ಲಾ ಹುಗ್ಗಿ ಮಾಡಿಸೂಣು. ಸಣ್ಣದೊಂದು ಕಟ್ಟೀನೂ ಕಟ್ಟಸ್ತೇನಿ. ಮಂದಿ ಒಂದೊಂದು ಮಾತಾಡಾಕತ್ತಾರ, ಅದೂ ನಿಂತೀತು."

ಮಂದಿ ಮಾತಾಡುತ್ತಿದ್ದರು! ಅದಕ್ಕೆ ಕಟ್ಟೆ!

ನಾನು ಉತ್ತರಿಸಲಿಲ್ಲ. ಸಮುದ್ರದ ಸದ್ದಿಗೆ ಕೇಳುತ್ತಿಲ್ಲ ಅಂದುಕೊಂಡು ಅವನೇ ಫೋನು ಇಟ್ಟ.

ಆ ಸಂಜೆಯೆಲ್ಲ ಅದೇ ಯೋಚನೆ. ಊರಿಗೆ ಒಯ್ದರೆ ತಮ್ಮನಿಗೆ ಅವ್ವನ ಮಗ್ಗುಲಲ್ಲಿ ಒಂದು ಜಾಗ ಸಿಗುತ್ತಿತ್ತು. ನನಗೆ ದೀಪ ಹಚ್ಚಲು ಒಂದು ಮೂಲೆ ಸಿಗುತ್ತಿತ್ತು. ಅದು ನನಗೆ ಬೇಕಾಗಿತ್ತು. ಬೇಡವಾಗಿತ್ತು ಅಂದರೆ ಸುಳ್ಳು. ಆದರೆ ನಮ್ಮ ಪದ್ಧತಿಯಲ್ಲಿ ಲಿಂಗ ಮತ್ತು ಅದನ್ನು ಕಟ್ಟಿಕೊಂಡ ದೇಹ ಬೇರೆಯಾಗುವಂತಿಲ್ಲ. ಅವನು ಇಲ್ಲಿನ ನೀರಿನಲ್ಲಿ, ಲಿಂಗ ಅಲ್ಲಿನ ಹೊಲದಲ್ಲಿ. ಮೇಲೆ ಹುಗ್ಗಿ ಉಂಡು, ಬಾಯಿ ಒರೆಸಿಕೊಂಡು, "ಅಣ್ಣ ಎಲ್ಲಾ ವ್ಯವಸ್ಥಿತ ಮಾಡಿದ" ಅನ್ನುವ ಮಂದಿ. ಆ ಕಟ್ಟೆ ನನ್ನ ತಮ್ಮನ ಸಲುವಾಗಿ ಅಲ್ಲ. ಅದರ ಕೆಳಗೆ ಹೂಳುವುದು ಅಣ್ಣನ ಮಾತನ್ನು.

ಮರುದಿನ ಮುಂಜಾನೆ ನೀರು ಹಿಂದೆ ಸರಿದಿತ್ತು. ಬರಿಗಾಲಿನ ಹೆಂಗಸರು ಆಗಲೇ ಬಂದಿದ್ದರು. ನಾನೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಸಿ ಉಸುಕಿಗೆ ಇಳಿದೆ. ತಣ್ಣಗೆ, ಗಟ್ಟಿಯಾಗಿ ಇತ್ತು. ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡಿದ್ದೆ. ಯಂಕಂಚಿಯವನು ಪ್ಯಾಂಟು ಮಡಚಿ ಹಿಂದೆ ಬಂದ.

ತೋಡಲು ಏನೂ ತಂದಿರಲಿಲ್ಲ. ಕಸದಲ್ಲಿ ಯಾವುದೋ ಮಗು ಬಿಟ್ಟುಹೋದ ಕೆಂಪು ಪ್ಲಾಸ್ಟಿಕ್ಕಿನ ಸಣ್ಣ ಸಲಿಕೆ ಸಿಕ್ಕಿತು, ಹಿಡಿಕೆ ಅರ್ಧ ಮುರಿದದ್ದು. ಅದರಿಂದಲೇ ನನ್ನ ತಮ್ಮನ ಕುಣಿ ತೋಡಿದೆವು. ಊರಿನಲ್ಲಿ ಆಗಿದ್ದರೆ ಸಲಿಕೆ ಗುದ್ದಲಿ ಹಿಡಿದು ಇಡೀ ಓಣಿಯೇ ಬರುತ್ತಿತ್ತು. ಇಲ್ಲಿ ಆಟಿಕೆ ಸಾಮಾನು. ತೋಡಿದಷ್ಟೂ ಬದಿಯ ಉಸುಕು ಒಳಗೆ ಜಾರುತ್ತಿತ್ತು, ತಳದಲ್ಲಿ ನೀರು ಒಸರುತ್ತಿತ್ತು.

ಮೇಲಿನ ದಾರಿಯಿಂದ ಒಬ್ಬ ಮುದುಕ ಕೈಬೀಸಿ ಕೂಗಹತ್ತಿದ.

"ಏನಂತಾನೋ?"

"ಚಿಪ್ಪು ಆರಿಸಬ್ಯಾಡ್ರಿ ಅಂತಾನ್ರಿ. ಇಲ್ಲಿ ಆರಿಸೂಹಂಗಿಲ್ಲಂತ."

ನಾನು ಎದ್ದು ನಿಂತೆ. ಆ ವರ್ಷವೆಲ್ಲ ಯಾರ ಮೇಲೂ ಕೂಗಲು ಆಗದ್ದನ್ನು ಆ ಬಡಪಾಯಿಯ ಮೇಲೆ ಕೂಗಿದೆ. "ತಗೊಳ್ಳಾಕ ಬಂದಿಲ್ಲೋ ಯಪ್ಪಾ! ಕೊಡಾಕ ಬಂದೇನಿ! ಕೊಡಾಕೂ ಬಿಡೂದಿಲ್ಲೇನು ನೀವು?"

ಅವನಿಗೆ ಏನು ತಿಳಿಯಿತೋ. ಕೈ ಕೆಳಗಿಳಿಸಿದ. ಟೊಪ್ಪಿಗೆ ಸರಿಮಾಡಿಕೊಂಡು ಹೊರಟುಹೋದ. ನಡೆಯುತ್ತಿದ್ದ ಹೆಂಗಸರು ನಮ್ಮ ಹತ್ತಿರ ಬಂದಾಗ ಸ್ವಲ್ಪ ಬಳಸಿಕೊಂಡು ಹೋದರು. ಯಾರೂ ನಿಲ್ಲಲಿಲ್ಲ, ಯಾರೂ ಏನೂ ಕೇಳಲಿಲ್ಲ. ಇಲ್ಲೆ ಯಾರೂ ನೋಡೂದಿಲ್ಲ ಅಂತ ಅವರಿಬ್ಬರೂ ಈ ದಂಡೆಯನ್ನು ಯಾಕೆ ಮೆಚ್ಚಿಕೊಂಡಿದ್ದರು ಅನ್ನುವುದು ನನಗೆ ಆಗ ತಿಳಿಯಿತು.

ಲಿಂಗವನ್ನು ನನ್ನ ಎಡ ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡೆ. ಅವನ ಅಂಗೈ ಇರಲಿಲ್ಲವಲ್ಲ. ಆಮೇಲೆ ಕುಣಿಯಲ್ಲಿ ಇಟ್ಟೆ, ಶಿವದಾರ ಸಮೇತ. ವಿಭೂತಿ ಪುಡಿ ಮಾಡಿ ಹಾಕಿದೆ. ಉಸುಕು ಹಿಡಿಯಲ್ಲಿ ತೆಗೆದುಕೊಂಡಾಗ ಒಂದು ಕ್ಷಣ ಕೈ ತಡೆಯಿತು. ಇದು ಎರೆ ಮಣ್ಣಲ್ಲ. ಮುಷ್ಟಿಯಲ್ಲಿ ನಿಲ್ಲುವುದಿಲ್ಲ, ಬೆರಳ ಸಂದಿಯಿಂದ ಸೋರುತ್ತದೆ. ಇದರಲ್ಲಿ ಒಡೆದ ಚಿಪ್ಪಿದೆ, ಪಟಾಕಿಯ ಕರಕಿದೆ, ಯಾರದೋ ಬಾಟಲಿಯ ಮುಚ್ಚಳದ ಚೂರಿದೆ. ಆದರೆ ಅವನು ಭಾನುವಾರಗಳಲ್ಲಿ ಕುಳಿತು ತೆನೆ ತಿಂದದ್ದು ಇದರ ಮೇಲೆಯೇ.

ಒಂದು ಹಿಡಿ ಕೊಟ್ಟೆ. ಇನ್ನೊಂದು. ಮತ್ತೊಂದು.

"ಅಕ್ಕಾ," ಅಂದ ಯಂಕಂಚಿಯವನು ಬಹಳ ಮೆಲ್ಲಗೆ. "ನಾನೂ ಕೊಡ್ಲೇನ್ರಿ?"

"ನೀ ಕೊಡಲಾರದ ಯಾರ ಕೊಡಬೇಕೋ?"

ಅವನು ತಲೆಗೆ ಕರವಸ್ತ್ರ ಕಟ್ಟಿಕೊಂಡ. ಮೂರು ಸಲ ಕೊಟ್ಟ. ಪ್ರತಿ ಸಲವೂ ತುಟಿ ಅಲ್ಲಾಡಿಸುತ್ತ ಏನೋ ಹೇಳಿಕೊಂಡ, ಏನೆಂದು ನಾನು ಕೇಳಲಿಲ್ಲ. ಕುಣಿ ತುಂಬಿತು. ನೀರು ವಾಪಸ್ ಬರುವತನಕ ನಾವು ಅಲ್ಲೇ ಕುಳಿತೆವು. ತೆರೆ ಬಂದು ಆ ಜಾಗ ನೆಕ್ಕಿ ಸಮ ಮಾಡಿತು. ಎರಡು ತೆರೆ ಕಳೆದ ಮೇಲೆ ಎಲ್ಲಿತ್ತು ಅಂತ ನನಗೇ ಗುರುತು ಹತ್ತಲಿಲ್ಲ. ಕೆಂಪು ಸಲಿಕೆಯನ್ನು ತಿಮಿಂಗಿಲದ ಹತ್ತಿರ ಇಟ್ಟು ಬಂದೆ, ಮಗು ಹುಡುಕಿಕೊಂಡು ಬಂದರೆ ಸಿಗಲಿ ಎಂದು. ಮುದುಕಿ ಇನ್ನೊಂದು ತೆನೆ ಕೊಟ್ಟಳು. ಅದನ್ನು ವಿಮಾನದಲ್ಲಿ ತಿಂದೆ.

ಊರಿಗೆ ಬಂದು ಸ್ವಲ್ಪ ದಿನಕ್ಕೆ ಅಣ್ಣ ಇಂಡಿ ಪಟ್ಟಣದ ನನ್ನ ಮನೆಗೆ ಬಂದ. ನಾನು ಮಷೀನಿನ ಮೇಲಿದ್ದೆ. ಚಹಾ ಮಾಡಿ ಕೊಟ್ಟೆ.

"ತಂದೀ?" ಅಂದ.

"ಇಲ್ಲ."

"ಮತ್ತ?"

"ಅಲ್ಲೇ ಮುಗಿಸಿ ಬಂದೆ."

ಅವನಿಗೆ ತನ್ನ ಮಾತಿನ ಗುರುತು ಹತ್ತಿತು. ಕಪ್ಪು ಕೆಳಗಿಟ್ಟ. ಆಮೇಲೆ ಅವನು ಮಾತಾಡಿದ ಧ್ವನಿ ನಾನು ಮೊದಲು ಕೇಳಿದ್ದಲ್ಲ. "ಮಣ್ಣ ಕೊಟ್ಟಿ?"

"ಕೊಟ್ಟೆ. ಯಂಕಂಚಿಯವನೂ ಕೊಟ್ಟ."

"ನಂದು... ನನ್ನ ಹೆಸರಲೇ ಒಂದು ಹಿಡಿ ಹಾಕಿದ್ಯೋ ಇಲ್ಲೋ?"

ಹೂಂ ಅಂದುಬಿಡಬಹುದಿತ್ತು. ಒಂದು ಹಿಡಿ ಉಸುಕು, ಯಾರು ನೋಡಿದ್ದಾರೆ? ನನ್ನ ಗಂಡ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ಹೂಂ ಅನ್ನಲಿ ಅಂತಲೇ ಅವರ ಮನಸ್ಸಿನಲ್ಲಿ ಇತ್ತೇನೋ.

"ಇಲ್ಲ," ಅಂದೆ. "ನಿಂದು ನಾ ಹೆಂಗ ಕೊಡಲಿ? ಅದು ಹಂಗ ಉಳದೈತಿ."

ಅವನು ಎದ್ದ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದ, "ಹೆಂಥಾ ಜಾಗಾ ಅದು?"

"ಹೊಲಸ ಐತಿ," ಅಂದೆ. "ಆದ್ರ ಚಲೋ ಐತಿ. ಅವಗ ಸೇರಿತ್ತು."

ಅವನು ಇನ್ನೂ ನಿಂತೇ ಇದ್ದ. ನಾನು ಸೂಜಿಗೆ ದಾರ ಪೋಣಿಸಿದೆ.

"ಸೊಲ್ಲಾಪುರಕ್ಕ ದಿನಾ ಬಸ್ಸ ಅದಾವ, ಅಲ್ಲಿಂದ ಮುಂಬೈಗೆ ರೈಲ ಐತಿ," ಅಂದೆ.